ಕ್ಯಾವಿಟಿ ಬ್ಯಾಕ್ ಐರನ್‌ಗಳ ಜೊತೆ ಮೂರು ವರ್ಷ: ಹವ್ಯಾಸಿ ಗಾಲ್ಫ್ ಆಟಗಾರನೊಬ್ಬನ ವಿಮರ್ಶೆ

ಮೂರು ವರ್ಷಗಳ ಹಿಂದೆ ನನ್ನ ಗಾಲ್ಫ್ ಚೀಲದಲ್ಲಿದ್ದ ಬ್ಲೇಡ್ ಐರನ್‌ಗಳನ್ನು (ಐರನ್ ಎಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್; ಅದರ ಅಂಕಿ ಹೆಚ್ಚಿದಷ್ಟೂ ಚೆಂಡು ಹೋಗುವ ದೂರ ಕಡಿಮೆ) ತೆಗೆದಿಟ್ಟು, ಅವುಗಳ ಜಾಗಕ್ಕೆ ಕ್ಯಾವಿಟಿ ಬ್ಯಾಕ್ ಐರನ್‌ಗಳ ಒಂದು ಸೆಟ್ ತಂದುಕೊಂಡೆ. ಐದರಿಂದ ಒಂಬತ್ತರವರೆಗಿನ ಐರನ್‌ಗಳು ಮತ್ತು ಹತ್ತಿರದ ಹೊಡೆತಗಳಿಗೆ ಬಳಸುವ ಒಂದು ಪಿಚಿಂಗ್ ವೆಜ್, ಒಟ್ಟು ಆರು ಕ್ಲಬ್ಬುಗಳು. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲು ಹೊರಟಿರುವ ಗುಣದೋಷಗಳು ಆ ಒಂದು ಸೆಟ್ಟಿಗೆ ಮಾತ್ರ ಸೇರಿದವಲ್ಲ; ಈ ಬಗೆಯ ಬಹುತೇಕ ಎಲ್ಲ ಐರನ್‌ಗಳಿಗೂ ಹೆಚ್ಚು ಕಡಿಮೆ ಅನ್ವಯಿಸುತ್ತವೆ. ನನ್ನ ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಸಾಮರ್ಥ್ಯ ಹೇಳುವ ಅಂಕಿ (ಕಡಿಮೆಯಿದ್ದಷ್ಟೂ ಒಳ್ಳೆಯದು), 18ರ ಆಸುಪಾಸಿನಲ್ಲಿದೆ. ವಾರಕ್ಕೊಂದು ಸುತ್ತು ಆಡುತ್ತೇನೆ, ಬಿಡುವಾದಾಗ ರೇಂಜಿಗೆ ಹೋಗಿ ಅಭ್ಯಾಸ ಮಾಡುತ್ತೇನೆ. ಆದ್ದರಿಂದ ಈ ವಿಮರ್ಶೆಯನ್ನು ವೃತ್ತಿಪರರ ಮಾತೆಂದು ಓದದೆ, ಚೆಂಡನ್ನು ನಾಲ್ಕು ಸಲ ಹೊಡೆದರೆ ಒಂದು ಸಲವಷ್ಟೇ ಅಂದುಕೊಂಡ ಹಾಗೆ ಹೊಡೆಯಬಲ್ಲ ಸಾಮಾನ್ಯ ಆಟಗಾರನ ಅನುಭವವೆಂದು ಓದಬೇಕಾಗಿ ಕೋರುತ್ತೇನೆ.

ಹವ್ಯಾಸಿಗಳ ನಡುವೆ ಐರನ್‌ಗಳ ವಿಷಯ ಬಂದಾಗಲೆಲ್ಲ ಚರ್ಚೆ ಹೊರಳುವುದು ಒಂದೇ ಕಡೆಗೆ. ಸರಿಯಾಗಿ ತಗುಲಿದಾಗ ಯಾವುದು ಹೆಚ್ಚು ದೂರ ಹೋಗುತ್ತದೆ, ಯಾವುದು ಕೈಗೆ ಹಿತವಾಗಿರುತ್ತದೆ, ಯಾವುದರ ಸದ್ದು ಚೆಂದ ಎಂದು ಗಂಟೆಗಟ್ಟಲೆ ಮಾತು ನಡೆಯುತ್ತದೆ. ಸರಿಯಾಗಿ ತಗುಲದ ಹೊಡೆತಗಳ ಗತಿ ಏನು ಎಂದು ಕೇಳುವವರು ಕಡಿಮೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯೂ ಒಂದು ರೀತಿಯಲ್ಲಿ ಇದೇ ಮನೋಭಾವಕ್ಕೆ ಇಂಬು ಕೊಡುತ್ತದೆ ಎಂದು ನನಗನ್ನಿಸಿದೆ: ನಾವು ಆಡಿದ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ನ್ನು ಮಾತ್ರ ಆರಿಸಿ ಅವುಗಳ ಸರಾಸರಿಯಿಂದ ನಮ್ಮ ಸೂಚ್ಯಂಕವನ್ನು ನಿರ್ಧರಿಸಲಾಗುತ್ತದೆ. ನಮ್ಮ ಸಾಮರ್ಥ್ಯ ಎಷ್ಟೆಂದು ಅಳೆಯುವುದು ಅದರ ಉದ್ದೇಶವಾದ್ದರಿಂದ ಆ ಲೆಕ್ಕ ಸರಿಯಾದದ್ದೇ. ಆದರೆ ಉಳಿದ 12 ಸುತ್ತುಗಳನ್ನೂ ನಾವೇ ನಡೆದು ಮುಗಿಸಿರುತ್ತೇವೆ, ಆ ದಿನಗಳ ಬೇಸರವನ್ನೂ ನಾವೇ ಉಂಡಿರುತ್ತೇವೆ. ಹವ್ಯಾಸಿಯ ಕ್ಲಬ್ಬನ್ನು ಅಳೆಯಬೇಕಾದದ್ದು ಆ 12 ಸುತ್ತುಗಳಲ್ಲಿ ಎಂಬುದು ಈ ಮೂರು ವರ್ಷಗಳಲ್ಲಿ ನನಗೆ ಮನದಟ್ಟಾದ ಸಂಗತಿ. ಈ ಸೆಟ್ಟನ್ನು ನಾನು ಪರೀಕ್ಷಿಸಿದ್ದೂ ಅದೇ ದೃಷ್ಟಿಯಿಂದ.

ಈ ಎರಡು ಬಗೆಗಳ ವ್ಯತ್ಯಾಸ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬ್ಲೇಡ್ ಎಂದರೆ ಹಿಂಬದಿ ನುಣುಪಾಗಿ ತುಂಬಿಕೊಂಡಿರುವ, ತೆಳುವಾದ, ಚಿಕ್ಕ ತಲೆಯ ಐರನ್. ಅದರ ತೂಕವೆಲ್ಲ ತಲೆಯ ನಡುಭಾಗದಲ್ಲಿ ಗುಂಪುಗೂಡಿರುತ್ತದೆ. ಕ್ಯಾವಿಟಿ ಬ್ಯಾಕ್ ಐರನ್ನಿನಲ್ಲಿ ಹಿಂಬದಿಯನ್ನು ಬಟ್ಟಲಿನಂತೆ ಕೊರೆದು, ಅಲ್ಲಿ ಉಳಿತಾಯವಾದ ಲೋಹವನ್ನು ತಲೆಯ ಅಂಚುಗಳಿಗೂ ತಳಕ್ಕೂ ಹಂಚಲಾಗಿರುತ್ತದೆ. ಈ ವಿಚಾರವನ್ನು ಮನೆಮಾತಾಗಿಸಿದವರು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಾರ್ಸ್ಟನ್ ಸೋಲ್ಹೈಮ್. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅವರು ತಮ್ಮ ಪಟಿಂಗ್ (ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಸೇರಿಸುವ ಹೊಡೆತ) ಸುಧಾರಿಸಿಕೊಳ್ಳಲೆಂದು 1959ರಲ್ಲಿ ಒಂದು ಪಟರ್ ಮಾಡಿಕೊಂಡರು. ಅದರಲ್ಲಿ ತೂಕವನ್ನು ಎರಡು ತುದಿಗಳಿಗೆ ಹಂಚಿದ್ದರಿಂದ ಚೆಂಡು ಸ್ವಲ್ಪ ಆಚೀಚೆ ತಗುಲಿದರೂ ಪಟರಿನ ತಲೆ ತಿರುಚಿಕೊಳ್ಳುತ್ತಿರಲಿಲ್ಲ. ಚೆಂಡಿಗೆ ತಗುಲಿದಾಗ ಬರುತ್ತಿದ್ದ ಸದ್ದಿನಿಂದಲೇ ಪಿಂಗ್ ಎಂಬ ಹೆಸರು ಬಂತು. 1967ರಲ್ಲಿ ನೌಕರಿ ಬಿಟ್ಟು ಪೂರ್ತಿಯಾಗಿ ಈ ಕೆಲಸಕ್ಕೆ ಇಳಿದ ಅವರು ಅದೇ ತತ್ವವನ್ನು ಐರನ್‌ಗಳಿಗೂ ತಂದರು. 1982ರಲ್ಲಿ ಬಂದ ಪಿಂಗ್ ಐ 2 ಐರನ್‌ಗಳು ಹವ್ಯಾಸಿಗಳ ಚೀಲಗಳನ್ನೂ ವೃತ್ತಿಪರರ ಚೀಲಗಳನ್ನೂ ಹೊಕ್ಕವು. ತನ್ನ ಆಟದ ದೋಷವೊಂದನ್ನು ಕಂಡುಕೊಂಡ ಹವ್ಯಾಸಿಯೊಬ್ಬನಿಂದ ಇದೆಲ್ಲ ಆರಂಭವಾಯಿತು ಎಂಬುದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಇನ್ನು ನನ್ನ ಪರೀಕ್ಷೆ. ಹೊಸ ಸೆಟ್ ಬಂದ ಎರಡನೇ ವಾರ, ಚೆಂಡು ಹಾರಿದ ದೂರವನ್ನು ಅಳೆಯುವ ಲಾಂಚ್ ಮಾನಿಟರ್ ಇರುವ ರೇಂಜಿಗೆ ಹಳೆಯ ಬ್ಲೇಡಿನ ಏಳನ್ನೂ ಹೊಸ ಸೆಟ್ಟಿನ ಎಂಟನ್ನೂ ತೆಗೆದುಕೊಂಡು ಹೋದೆ. ಏಳಕ್ಕೆ ಏಳನ್ನೇ ಹೋಲಿಸದೆ ಎಂಟನ್ನು ಒಯ್ದದ್ದಕ್ಕೆ ಕಾರಣವಿದೆ: ಹಳೆಯ ಏಳರ ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ; ಅದು ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ ಹಾರಿ ಹತ್ತಿರ ಬೀಳುತ್ತದೆ) 35 ಡಿಗ್ರಿ, ಹೊಸ ಎಂಟರದ್ದು 34.5 ಡಿಗ್ರಿ, ಅಂದರೆ ತಳದಲ್ಲಿ ಕೆತ್ತಿರುವ ಅಂಕಿ ಬೇರೆಯಾದರೂ ಕ್ಲಬ್ ಹೆಚ್ಚು ಕಡಿಮೆ ಒಂದೇ. ಪಾದಗಳಿಗೆ ಸಿಂಪಡಿಸಿಕೊಳ್ಳುವ ಪುಡಿಯ ಸ್ಪ್ರೇಯನ್ನು ಎರಡೂ ಕ್ಲಬ್ಬುಗಳ ಮುಖಕ್ಕೆ ತೆಳುವಾಗಿ ಹೊಡೆದೆ. ಹೀಗೆ ಮಾಡಿದರೆ ಪ್ರತಿ ಹೊಡೆತಕ್ಕೂ ಆ ಬಿಳಿಯ ಪದರದ ಮೇಲೆ ಚೆಂಡಿನ ಗುಳಿಗಳ ಗುರುತು ದುಂಡಗೆ ಮೂಡುತ್ತದೆ. ನೋಡಿಕೊಂಡು, ಬರೆದುಕೊಂಡು, ಒರೆಸಿ, ಮತ್ತೆ ಸಿಂಪಡಿಸಬೇಕು. ಒಂದೊಂದರಲ್ಲಿ 20 ಚೆಂಡು, ಐದೈದರಂತೆ ಅದಲು ಬದಲು ಮಾಡುತ್ತಾ ಹೊಡೆದೆ. ಎರಡೂ ಕ್ಲಬ್ಬುಗಳಲ್ಲಿ ಮುಖದ ನಡುವೆ ಸರಿಯಾಗಿ ತಗುಲಿದ ಚೆಂಡುಗಳು ಐದೈದೇ. ಉಳಿದವುಗಳಲ್ಲಿ ಹೆಚ್ಚಿನವು ಟೋ (ತಲೆಯ ಹೊರತುದಿ) ಕಡೆಗೆ, ಒಂದು ಬೆರಳಿನಗಲ ಆಚೆ ಮತ್ತು ತುಸು ಕೆಳಗೆ; ಕೆಲವು ಹೀಲ್ (ಶಾಫ್ಟ್ ಎಂಬ ಕೋಲು ಸೇರುವ ತುದಿ) ಕಡೆಗೆ. ಕ್ಲಬ್ ಬದಲಾದ ಮಾತ್ರಕ್ಕೆ ನನ್ನ ಕೈ ಬದಲಾಗಿರಲಿಲ್ಲ.

ಬದಲಾದದ್ದು ಫಲಿತಾಂಶ. ನಡುವೆ ತಗುಲಿದಾಗ ಬ್ಲೇಡ್ 132 ಗಜ ಹಾರಿಸಿದರೆ ಹೊಸದು 134 ಗಜ ಹಾರಿಸಿತು. ಈ ಎರಡು ಗಜಗಳಿಗಾಗಿ ಯಾರೂ ಹೊಸ ಸೆಟ್ ಕೊಳ್ಳಬೇಕಾಗಿಲ್ಲ. ಆದರೆ ಟೋ ಕಡೆಗೆ ತಗುಲಿದಾಗ ಬ್ಲೇಡಿನ ಚೆಂಡು 114 ಗಜಕ್ಕೆ ಬಿದ್ದರೆ ಹೊಸದರದ್ದು 125 ಗಜದಲ್ಲಿತ್ತು. ನೆಲಕ್ಕೆ ಬಡಿದು ಕೆಟ್ಟ ಹೊಡೆತಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಬ್ಲೇಡಿನ ಅತಿ ಉದ್ದದ ಮತ್ತು ಅತಿ ಗಿಡ್ಡ ಹೊಡೆತಗಳ ನಡುವಿನ ಅಂತರ 29 ಗಜ, ಹೊಸದರಲ್ಲಿ 16 ಗಜ. ಕುಳಿ ಇರುವ ನುಣುಪು ಹುಲ್ಲಿನ ಜಾಗವಾದ ಗ್ರೀನ್ ಒಂದರ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಸುಮಾರು 30 ಗಜ ಇರುತ್ತದೆ ಎಂದು ಇಟ್ಟುಕೊಂಡರೆ ಈ ಅಂಕಿಗಳ ಅರ್ಥ ತಾನಾಗಿ ಹೊಳೆಯುತ್ತದೆ. ಗ್ರೀನಿನ ನಡುವಿಗೆ ಗುರಿಯಿಟ್ಟು ಹೊಡೆದ ಬ್ಲೇಡಿನ ತಪ್ಪು ಹೊಡೆತ ಗ್ರೀನನ್ನು ಮುಟ್ಟುವುದಿಲ್ಲ; ಕ್ಯಾವಿಟಿ ಬ್ಯಾಕಿನ ತಪ್ಪು ಹೊಡೆತ ಮುಂದಿನ ಅಂಚಿನಲ್ಲಾದರೂ ಬಿದ್ದು ಪಟರ್ ಹಿಡಿಯುವ ಅವಕಾಶ ಕೊಡುತ್ತದೆ.

ಇದು ಹೇಗೆ ಆಗುತ್ತದೆ ಎಂಬುದರಲ್ಲಿ ರಹಸ್ಯವೇನೂ ಇಲ್ಲ. ಚೆಂಡು ತಲೆಯ ಗುರುತ್ವ ಕೇಂದ್ರದಿಂದ ಆಚೆಗೆ ತಗುಲಿದಾಗ ತಲೆ ಆ ಕೇಂದ್ರದ ಸುತ್ತ ತಿರುಗುತ್ತದೆ. ಆ ತಿರುಗುವಿಕೆಗೆ ವ್ಯಯವಾದ ಶಕ್ತಿ ಚೆಂಡಿಗೆ ಸಿಗುವುದಿಲ್ಲ, ಜೊತೆಗೆ ಮುಖವೂ ಗುರಿಯಿಂದ ಆಚೆಗೆ ತಿರುಗುತ್ತದೆ. ತಿರುಗುವಿಕೆಗೆ ತಲೆ ಒಡ್ಡುವ ಪ್ರತಿರೋಧ ಅದರ ತೂಕವನ್ನು ಮಾತ್ರವಲ್ಲ, ಆ ತೂಕ ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನು ಅವಲಂಬಿಸಿರುತ್ತದೆ. ಅಂದರೆ ಅಷ್ಟೇ ತೂಕದ ಲೋಹವನ್ನು ಎರಡು ಪಟ್ಟು ದೂರ ಸರಿಸಿದರೆ ಅದರ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ತಳ ದಪ್ಪಗಿರುವುದರಿಂದ ಗುರುತ್ವ ಕೇಂದ್ರವೂ ಕೆಳಗಿಳಿದು, ಮುಖದ ಕೆಳಭಾಗಕ್ಕೆ ತಗುಲಿದ ಚೆಂಡು ಕೂಡ ಮೇಲೇಳುತ್ತದೆ. ನನ್ನಂಥವರು ಹೆಚ್ಚಾಗಿ ಚೆಂಡನ್ನು ತಗುಲಿಸುವುದು ಅಲ್ಲಿಯೇ.

ಆದರೆ ಈ ಕ್ಲಬ್ಬುಗಳು ಎಲ್ಲ ತಪ್ಪುಗಳನ್ನೂ ಮನ್ನಿಸುತ್ತವೆ ಎಂದು ನಂಬಿ ಕೊಳ್ಳುವವರಿಗೆ ನಿರಾಸೆ ಕಾದಿದೆ, ಮತ್ತು ಜಾಹೀರಾತುಗಳು ಇದನ್ನು ಬಿಡಿಸಿ ಹೇಳುವುದಿಲ್ಲ. ಮುಖದ ಮೇಲೆ ಎಡಕ್ಕೋ ಬಲಕ್ಕೋ ಆದ ತಪ್ಪನ್ನು ಅವು ತಗ್ಗಿಸುತ್ತವೆ. ಚೆಂಡಿಗೆ ಮೊದಲೇ ನೆಲಕ್ಕೆ ಬಡಿಯುವ ತಪ್ಪನ್ನು ಯಾವ ಐರನ್ನೂ ಸರಿಪಡಿಸದು. ಅಗಲವಾದ ತಳ ಮಣ್ಣಿನಲ್ಲಿ ಹೂತುಕೊಳ್ಳದೆ ಜಾರುವುದರಿಂದ ಮೆತ್ತನೆಯ ಹುಲ್ಲಿನ ಮೇಲೆ ಅಲ್ಪಸ್ವಲ್ಪ ಸಹಾಯವಾಗುತ್ತದೆ ಎಂಬುದು ನಿಜ. ಗಟ್ಟಿಯಾದ ಒಣ ನೆಲದಲ್ಲಿ ಅದೇ ತಳ ಪುಟಿದು, ಚೆಂಡಿನ ಹೊಟ್ಟೆಗೆ ಅಂಚು ಬಡಿದು, ಚೆಂಡು ಮೊಣಕಾಲೆತ್ತರದಲ್ಲಿ ಗ್ರೀನನ್ನು ದಾಟಿ ಓಡಿಹೋದದ್ದು ಒಂದೆರಡು ಸಲವಲ್ಲ. ಮೊದಲ ಬೇಸಿಗೆಯಲ್ಲಿ ಇದರಿಂದ ನಾನು ಬಹಳ ಬೇಸತ್ತಿದ್ದೆ. ಚೆಂಡನ್ನು ಕಾಲುಗಳ ನಡುವೆ ಅರ್ಧ ಚೆಂಡಿನಷ್ಟು ಹಿಂದಕ್ಕೆ ಇಟ್ಟುಕೊಳ್ಳಲು ಕಲಿತ ಮೇಲೆ ತೊಂದರೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಈಗ ಲಾಫ್ಟ್ ಬಗೆಗಿನ ಜಗಳಕ್ಕೆ ಬರುತ್ತೇನೆ. ಹವ್ಯಾಸಿಗಳು ಅತಿ ಹೆಚ್ಚು ಬಿಸಿಯಾಗುವುದು ಇದೇ ವಿಷಯಕ್ಕೆ. ನನ್ನ ಹೊಸ ಸೆಟ್ಟಿನ ಏಳರ ಲಾಫ್ಟ್ 30 ಡಿಗ್ರಿ, ಹಳೆಯದರದ್ದು 35. ಹೀಗೆ ಲಾಫ್ಟ್ ಇಳಿಸಿ, ಅಂಕಿಯನ್ನು ಹಾಗೆಯೇ ಉಳಿಸಿಕೊಂಡು, ಏಳು ಎಷ್ಟು ದೂರ ಹೋಯಿತು ನೋಡಿ ಎಂದು ಮಾರುವುದು ಮೋಸ ಎನ್ನುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಮೋಸ ಎಂಬ ಪದವನ್ನು ನಾನು ಒಪ್ಪುವುದಿಲ್ಲ. ಏಳನೇ ಐರನ್ನಿಗೆ ಇಷ್ಟೇ ಲಾಫ್ಟ್ ಇರಬೇಕೆಂದು ಗಾಲ್ಫ್ ನಿಯಮಗಳಲ್ಲಿ ಎಲ್ಲಿಯೂ ಹೇಳಿಲ್ಲ. ಹಿಕರಿ ಮರದ ಶಾಫ್ಟ್‌ಗಳ ಕಾಲದಲ್ಲಿ ಕ್ಲಬ್ಬುಗಳಿಗೆ ಅಂಕಿಗಳ ಬದಲು ಮ್ಯಾಶಿ, ನಿಬ್ಲಿಕ್, ಮ್ಯಾಶಿ ನಿಬ್ಲಿಕ್ ಮುಂತಾದ ಹೆಸರುಗಳಿದ್ದವು, ಒಬ್ಬ ಕುಶಲಕರ್ಮಿಯ ಮ್ಯಾಶಿ ಇನ್ನೊಬ್ಬನ ಮ್ಯಾಶಿಯಂತೆ ಇರುತ್ತಿರಲಿಲ್ಲ. ಗಾಲ್ಫ್ ನಿಯಮಗಳನ್ನು ರೂಪಿಸುವ ಸಂಸ್ಥೆಗಳಾದ ಅಮೆರಿಕದ ಯುಎಸ್‌ಜಿಎ 1924ರಲ್ಲಿ, ಸ್ಕಾಟ್ಲೆಂಡಿನ ಆರ್ ಅಂಡ್ ಎ 1929ರಲ್ಲಿ ಉಕ್ಕಿನ ಶಾಫ್ಟ್‌ಗಳಿಗೆ ಒಪ್ಪಿಗೆ ಕೊಟ್ಟ ಮೇಲೆ, ಒಂದೇ ಅಚ್ಚಿನಲ್ಲಿ ಸರಣಿಯಾಗಿ ತಯಾರಾದ ಸೆಟ್‌ಗಳ ಜೊತೆ ಅಂಕಿಗಳು ಗಟ್ಟಿಯಾಗಿ ನೆಲೆಗೊಂಡವು. ಅಂಕಿ ಎಂಬುದು ಸೆಟ್ಟಿನೊಳಗಿನ ಸರದಿಯನ್ನು ಹೇಳುತ್ತದೆಯೇ ಹೊರತು ಎರಡು ಸೆಟ್‌ಗಳನ್ನು ಹೋಲಿಸುವ ಅಳತೆಗೋಲಲ್ಲ.

ನಿಜವಾದ ತೊಂದರೆ ಇರುವುದು ಸೆಟ್ಟಿನ ಇನ್ನೊಂದು ತುದಿಯಲ್ಲಿ, ಮತ್ತು ಈ ವಿಷಯದಲ್ಲಿ ಟೀಕಾಕಾರರ ಮಾತಿಗೆ ನಾನು ತಲೆದೂಗುತ್ತೇನೆ. ಹಳೆಯ ಸೆಟ್ಟಿನ ಪಿಚಿಂಗ್ ವೆಜ್ 48 ಡಿಗ್ರಿ ಇತ್ತು, ಹೊಸದು 44. ನನ್ನ ಸ್ಯಾಂಡ್ ವೆಜ್ 56 ಡಿಗ್ರಿಯದ್ದು. ನಡುವೆ 12 ಡಿಗ್ರಿಗಳ ಬಯಲು! ಪೂರ್ತಿ ಬೀಸಿದರೆ ಪಿಚಿಂಗ್ ವೆಜ್ 112 ಗಜ ಹೋಗುತ್ತಿತ್ತು, ಸ್ಯಾಂಡ್ ವೆಜ್ 75 ಗಜ. ಮೊದಲ ಹಲವು ತಿಂಗಳು 90ರಿಂದ 100 ಗಜಗಳ ನಡುವೆ ನಿಂತಾಗಲೆಲ್ಲ ಏನು ಹಿಡಿಯಬೇಕೆಂದು ತೋಚದೆ, ಪಿಚಿಂಗ್ ವೆಜ್ಜನ್ನು ಅರೆಮನಸ್ಸಿನಿಂದ ನಿಧಾನಿಸಿ ಬೀಸಿ ಚೆಂಡನ್ನು ಮರಳಿನ ಬಂಕರಿಗೆ ಇಳಿಸುತ್ತಿದ್ದೆ. ಎಷ್ಟು ಒಳ್ಳೆಯ ಡ್ರೈವ್‌ಗಳು ಹೀಗೆ ವ್ಯರ್ಥವಾದವು ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕೊನೆಗೆ 50 ಡಿಗ್ರಿಯ ವೆಜ್ ಒಂದನ್ನು ಬೇರೆಯಾಗಿ ಕೊಂಡೆ, ಅದು 94 ಗಜ ಹೋಗುತ್ತದೆ, ಸಮಸ್ಯೆ ಅಲ್ಲಿಗೆ ಮುಗಿಯಿತು. ಕೊಳ್ಳುವ ಮೊದಲೇ ಯಾರಾದರೂ ಈ ಮಾತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಈ ಬಗೆಯ ಸೆಟ್ ಕೊಳ್ಳುವವರು ಆ ನಡುವಿನ ವೆಜ್ಜನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡಬೇಕು.

ಮೇಲಿನ ತುದಿಯಲ್ಲಿ ಐದನೇ ಐರನ್ನಿನ ಕತೆ ಚಿಕ್ಕದು. ಅಷ್ಟು ಕಡಿಮೆ ಲಾಫ್ಟ್ ಇರುವ ಐರನ್ನಿನಿಂದ ಚೆಂಡನ್ನು ಎತ್ತರಕ್ಕೆ ಹಾರಿಸಿ ಗ್ರೀನಿನ ಮೇಲೆ ನಿಲ್ಲಿಸಲು ಬೇಕಾದ ವೇಗ ನನ್ನ ಸ್ವಿಂಗಿನಲ್ಲಿ ಇಲ್ಲ. ಒಂದು ವರ್ಷ ಹೆಣಗಿ, ಅದರ ಜಾಗದಲ್ಲಿ ಚೆಂಡನ್ನು ಸುಲಭವಾಗಿ ಎತ್ತುವ ದಪ್ಪ ತಲೆಯ ಹೈಬ್ರಿಡ್ ಇಟ್ಟುಕೊಂಡೆ. ನಿಮ್ಮ ಆರು ಮತ್ತು ಐದು ಒಂದೇ ದೂರ ಹೋಗುತ್ತಿದ್ದರೆ ಐದನ್ನು ಬಿಟ್ಟುಬಿಡಿ. 14 ಕ್ಲಬ್ಬುಗಳ ಮಿತಿಯನ್ನು ಯುಎಸ್‌ಜಿಎ 1938ರಲ್ಲಿ ತಂದದ್ದು ಆಟಗಾರರು ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳನ್ನು ಹೊರಿಸಿಕೊಂಡು ತಿರುಗುತ್ತಿದ್ದ ಕಾಲದಲ್ಲಿ. ಹದಿನಾಲ್ಕನ್ನೂ ತುಂಬಿಸಲೇಬೇಕೆಂಬ ಕಟ್ಟಳೆಯೇನಿಲ್ಲ. ನನ್ನ ಚೀಲದಲ್ಲಿ ಈಗ ಇರುವುದು ಹನ್ನೆರಡು.

ಕೈಗೆ ಸಿಗುವ ಅನುಭವದ ಬಗ್ಗೆ ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ನಮ್ಮ ನಾಲ್ವರ ತಂಡದಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷಗಳಿಂದ ಬ್ಲೇಡ್‌ಗಳಲ್ಲೇ ಆಡುತ್ತಿದ್ದಾರೆ, ಈಗಲೂ ಅವರ ಹ್ಯಾಂಡಿಕ್ಯಾಪ್ ಒಂದಂಕಿಯಲ್ಲೇ ಇದೆ. ನಾನು ಕ್ಲಬ್ ಬದಲಿಸಿದ ದಿನ ಅವರು, “ಕುಣಿಯಲಾರದವಳಿಗೆ ಅಂಗಳ ಡೊಂಕು ಅಂತಾರಲ್ಲ, ಹಾಗಾಯಿತು ನಿಮ್ಮದು” ಎಂದರು. ನಂತರ ಸಮಾಧಾನವಾಗಿ, “ಚೆಂಡು ಸರಿಯಾಗಿ ತಗುಲಿದಾಗ ಕೈಗೆ ಏನೂ ಗೊತ್ತಾಗಬಾರದು, ಬೆಣ್ಣೆ ಕೊಯ್ದ ಹಾಗಿರಬೇಕು. ತಪ್ಪಿದಾಗ ಬೆರಳು ಜುಮ್ಮೆನ್ನಬೇಕು. ಆ ನೋವೇ ಗುರು. ಈ ಕ್ಲಬ್ಬು ನಿಮಗೆ ಆ ನೋವನ್ನೇ ಕೊಡುವುದಿಲ್ಲ, ಕಲಿಯುವುದು ಹೇಗೆ?” ಎಂದು ಕೇಳಿದರು. ಅವರ ಮಾತಿನಲ್ಲಿ ಸತ್ಯವಿದೆ ಎಂದು ನಾನು ಆಗಲೂ ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಎರಕ ಹೊಯ್ದ ಉಕ್ಕಿನ ನನ್ನ ಐರನ್ನಿಗೆ ಬ್ಲೇಡಿನ ಆ ಮೆದುವಾದ ಸ್ಪರ್ಶ ಇಲ್ಲ. ಚೆನ್ನಾಗಿ ತಗುಲಿದರೂ ಟಕ್ ಎಂಬ ಗಡಸು ಸದ್ದೇ ಬರುತ್ತದೆ. ಬ್ಲೇಡಿನಲ್ಲಿ ನಡುವೆ ತಗುಲಿದ ಒಂದು ಹೊಡೆತದ ಸುಖವನ್ನು ಮೂರು ವರ್ಷಗಳಲ್ಲಿ ಈ ಸೆಟ್ ನನಗೆ ಒಮ್ಮೆಯೂ ಕೊಟ್ಟಿಲ್ಲ.

ಆದರೂ ನೋವೇ ಗುರು ಎಂಬ ಮಾತು ನನ್ನಂಥವನಿಗೆ ಹೊಂದುವುದಿಲ್ಲ. ಬೆರಳು ಜುಮ್ಮೆಂದಾಗ ತಪ್ಪಾಯಿತೆಂದು ತಿಳಿಯುತ್ತದೆ; ಟೋ ಕಡೆ ತಪ್ಪಿತೋ ಹೀಲ್ ಕಡೆಯೋ, ಮುಂದಿನ ಸಲ ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಆ ಪಾಠವನ್ನು ಮುಖದ ಮೇಲಿನ ಬಿಳಿಯ ಪುಡಿ ನೋವಿಲ್ಲದೆ ಕಲಿಸುತ್ತದೆ. ಇನ್ನೊಂದು ವಿಷಯ, ಇದನ್ನು ನಾನು ಹೆಚ್ಚು ಮುಖ್ಯವೆಂದು ಭಾವಿಸುತ್ತೇನೆ: ಕಲಿಯಬೇಕಾದರೆ ಮುಂದಿನ ವಾರವೂ ಆಡಲು ಬರಬೇಕು. ಹದಿನೆಂಟು ಹೋಲ್‌ಗಳುದ್ದಕ್ಕೂ ತಪ್ಪಿಗೆಲ್ಲ ಪೂರ್ತಿ ಬೆಲೆ ತೆತ್ತು ಮನೆಗೆ ಹೋದವನು ಮುಂದಿನ ವಾರ ಬಾರದೇ ಉಳಿಯುವುದನ್ನು ನಾನು ನೋಡಿದ್ದೇನೆ. ಬ್ಲೇಡ್‌ಗಳ ಕೊನೆಯ ವರ್ಷದಲ್ಲಿ ನಾನೇ ಆ ಅಂಚಿಗೆ ಬಂದಿದ್ದೆ.

ಕ್ಯಾವಿಟಿ ಬ್ಯಾಕಿನಲ್ಲಿ ಚೆಂಡನ್ನು ಬೇಕೆಂದಂತೆ ಬಾಗಿಸಲಾಗದು ಎಂಬ ಇನ್ನೊಂದು ವಾದವಿದೆ. ಚೆಂಡು ಬಾಗುವುದು ಮುಖ್ಯವಾಗಿ ಕ್ಲಬ್ಬಿನ ಮುಖ ನೋಡುತ್ತಿರುವ ದಿಕ್ಕಿಗೂ ಕ್ಲಬ್ ಚಲಿಸುತ್ತಿರುವ ದಿಕ್ಕಿಗೂ ಇರುವ ವ್ಯತ್ಯಾಸದಿಂದ. ಆ ವ್ಯತ್ಯಾಸವನ್ನು ತಲೆಯ ಆಕಾರ ಅಳಿಸಿಹಾಕುವುದಿಲ್ಲ. ನನ್ನ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗುವ ದೋಷ, ಹೊಸ ಸೆಟ್ಟಿನಲ್ಲಿ ತುಸು ತಗ್ಗಿದೆ, ಅದಕ್ಕೆ ಮುಖದ ಅಂಚು ಶಾಫ್ಟಿಗಿಂತ ಕೊಂಚ ಹಿಂದೆ ಕೂರುವಂತೆ ಮಾಡಿದ ಆಫ್‌ಸೆಟ್ ಕೂಡ ಕಾರಣವಿರಬೇಕು. ಆದರೆ ಅದು ಹೋಗಿಲ್ಲ, ಕೈ ತಪ್ಪಿದ ದಿನ ಹಳೆಯಷ್ಟೇ ಹುರುಪಿನಿಂದ ಬಲಕ್ಕೆ ಬಾಗುತ್ತದೆ. ವೃತ್ತಿಪರರಲ್ಲೂ ಉದ್ದದ ಐರನ್‌ಗಳನ್ನು ಕ್ಯಾವಿಟಿ ಬ್ಯಾಕಿನಲ್ಲಿ, ಚಿಕ್ಕವನ್ನು ಬ್ಲೇಡಿನಲ್ಲಿ ಇಟ್ಟುಕೊಳ್ಳುವವರು ಬಹಳ ಮಂದಿ ಇದ್ದಾರೆ.

ಇದು ದುಡ್ಡು ಕೊಟ್ಟು ಕೊಂಡ ಕೌಶಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಉಪಕರಣ ಎಲ್ಲಿಯವರೆಗೆ ಸಹಾಯ ಮಾಡಬಹುದು ಎಂಬ ಪ್ರಶ್ನೆ ಈ ಆಟದಲ್ಲಿ ಸದಾ ಜೀವಂತವಾಗಿದೆ. ಪಿಂಗ್ ಐ 2 ಐರನ್‌ಗಳ ಮುಖದ ಮೇಲಿನ ಗೀರುಗಳೇ ಇದಕ್ಕೆ ದೊಡ್ಡ ಉದಾಹರಣೆ. ಆ ಚೌಕ ಗೀರುಗಳು ರಫ್‌ನಿಂದಲೂ, ಅಂದರೆ ಉದ್ದ ಹುಲ್ಲಿನಿಂದಲೂ, ಚೆಂಡಿಗೆ ಹೆಚ್ಚು ತಿರುಗುವಿಕೆ ಕೊಡುತ್ತವೆ ಎಂಬ ಆಕ್ಷೇಪ ಎದ್ದು, ಗೀರುಗಳ ನಡುವಿನ ಅಂತರವನ್ನು ಅಳೆಯುವ ಬಗೆಯ ಮೇಲೆ ಯುಎಸ್‌ಜಿಎಗೂ ತಯಾರಕರಿಗೂ ನಡೆದ ವ್ಯಾಜ್ಯ 1990ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ರಾಜಿಯಂತೆ, 1990ರ ಏಪ್ರಿಲ್‌ಗೆ ಮೊದಲು ತಯಾರಾದ ಕ್ಲಬ್ಬುಗಳು ನಿಯಮಬದ್ಧವೆಂದೇ ಉಳಿದವು. ಇಪ್ಪತ್ತು ವರ್ಷಗಳ ನಂತರ, 2010ರಲ್ಲಿ ಗೀರುಗಳ ಹೊಸ ನಿಯಮ ಬಂದಾಗ ವೃತ್ತಿಪರ ಆಟಗಾರ ಫಿಲ್ ಮಿಕೆಲ್ಸನ್ ಹಳೆಯ ಪಿಂಗ್ ಐ 2 ವೆಜ್ಜನ್ನೇ ಹೊರತೆಗೆದು ಪಿಜಿಎ ಟೂರ್‌ನಲ್ಲಿ ಆಡಿದರು, ದೊಡ್ಡ ಗದ್ದಲವೆದ್ದಿತು, ಅದೇ ವರ್ಷದ ಮಾರ್ಚಿನಲ್ಲಿ ತಯಾರಕರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟದ್ದರಿಂದ ಟೂರ್ ಅವನ್ನು ನಿಷೇಧಿಸಲು ಸಾಧ್ಯವಾಯಿತು. ಹವ್ಯಾಸಿಗಳಿಗೆ ಮಾತ್ರ ಹಳೆಯ ಕ್ಲಬ್ಬುಗಳನ್ನು ದೀರ್ಘಕಾಲ ಬಳಸಲು ಬಿಡಲಾಯಿತು. ಈ ಭೇದ ಸರಿಯಾದದ್ದು ಎಂದು ನಾನು ದೃಢವಾಗಿ ನಂಬುತ್ತೇನೆ. ಚೆಂಡನ್ನು ನಡುಮುಖಕ್ಕೆ ತಗುಲಿಸಬಲ್ಲವರಿಗೆ ಉಪಕರಣ ಕೊಡುವ ನೆರವು ಪರೀಕ್ಷೆಯನ್ನೇ ಸುಲಭಗೊಳಿಸೀತು. ನನಗೆ ಕೊಡುವ ನೆರವಿನಿಂದ ಪರೀಕ್ಷೆ ಸುಲಭವಾಗುವುದಿಲ್ಲ, ಪರೀಕ್ಷೆಗೆ ಕೂರುವ ಅರ್ಹತೆ ಸಿಗುತ್ತದೆ ಅಷ್ಟೆ. ಹವ್ಯಾಸಿ ಎಂದರೆ ಕೆಳದರ್ಜೆಯವನು ಎಂಬ ಅರ್ಥವಂತೂ ಇಲ್ಲ. 1930ರಲ್ಲಿ ಬಾಬಿ ಜೋನ್ಸ್ ಹಿಕರಿ ಶಾಫ್ಟ್‌ಗಳಲ್ಲಿ ಆಡಿ ಬ್ರಿಟನ್ ಮತ್ತು ಅಮೆರಿಕಗಳ ಓಪನ್ ಹಾಗೂ ಅಮೆಚೂರ್ ಪಟ್ಟಗಳು ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆದ್ದದ್ದು ಹವ್ಯಾಸಿಯಾಗಿಯೇ.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಐರನ್‌ಗಳನ್ನು ಬದಲಿಸಿ, ಟೀಯನ್ನು, ಅಂದರೆ ಪ್ರತಿ ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗವನ್ನು, ಬದಲಿಸದವರು ಅರ್ಧ ಕೆಲಸ ಮಾಡಿದಂತೆ. ಹಿಂದಿನ ಟೀಯಿಂದ ಹೊಡೆದು ಪ್ರತಿ ಪಾರ್ ನಾಲ್ಕರಲ್ಲೂ (ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದ ಹೋಲಿನಲ್ಲೂ) 190 ಗಜ ಉಳಿಸಿಕೊಳ್ಳುವವನ ಚೀಲದಿಂದ ಐರನ್ ಹೊರಗೇ ಬರುವುದಿಲ್ಲ. ತಮ್ಮ ದೂರಕ್ಕೆ ತಕ್ಕ ಟೀಯಿಂದ ಆಡಿರಿ ಎಂದು ಯುಎಸ್‌ಜಿಎ ಮತ್ತು ಪಿಜಿಎ ಆಫ್ ಅಮೆರಿಕ 2011ರಿಂದಲೇ ಕರೆ ಕೊಟ್ಟಿದ್ದರೂ, ಮುಂದಿನ ಟೀಗೆ ಹೋಗುವುದನ್ನು ಅವಮಾನವೆಂದು ಬಗೆಯುವವರು ಇನ್ನೂ ಇದ್ದಾರೆ. ನಾನು ಒಂದು ಟೀ ಮುಂದಕ್ಕೆ ಬಂದ ವರ್ಷವೇ ನನ್ನ ಏಳು, ಎಂಟು, ಒಂಬತ್ತುಗಳಿಗೆ ನಿಜವಾದ ಕೆಲಸ ಸಿಕ್ಕಿತು.

ಅಳತೆಯ ವಿಷಯದಲ್ಲಿ ನನಗಾದ ತೊಂದರೆ ಇತರರಿಗೆ ಆಗದಿರಲಿ ಎಂದು ತುಸು ವಿವರವಾಗಿ ಬರೆಯುತ್ತೇನೆ. ಸೆಟ್ ಮಾರಿದ ಅಂಗಡಿಯವರು ನನ್ನ ಎತ್ತರ ಕೇಳಿದರು, ಶಾಫ್ಟ್ ಉಕ್ಕಿನದೋ ಗ್ರಾಫೈಟಿನದೋ ಎಂದು ಕೇಳಿದರು, ಅಲ್ಲಿಗೆ ಮುಗಿಸಿದರು. ಲೈ ಕೋನವನ್ನು, ಅಂದರೆ ತಳ ನೆಲದ ಮೇಲೆ ಸಮನಾಗಿ ಕೂತಾಗ ಶಾಫ್ಟಿಗೂ ನೆಲಕ್ಕೂ ನಡುವೆ ಇರುವ ಕೋನವನ್ನು, ಯಾರೂ ನೋಡಲಿಲ್ಲ. ನನ್ನ ಚೆನ್ನಾದ ಹೊಡೆತಗಳೂ ಬಲಕ್ಕೇ ಹೊರಡುತ್ತಿದ್ದವು. ಒಂದು ದಿನ ಡಿವಟ್‌ಗಳನ್ನು ಬಾಗಿ ನೋಡಿದಾಗ, ಹುಲ್ಲಿನ ಆ ಗಾಯ ಟೋ ಕಡೆಗೆ ಆಳವಾಗಿಯೂ ಹೀಲ್ ಕಡೆಗೆ ಬರಿಯ ಗೀಚಿದಂತೆಯೂ ಇತ್ತು. ಚೆಂಡಿನ ಮೇಲೆ ಮಾರ್ಕರಿನಿಂದ ನೇರವಾದ ಗೆರೆ ಎಳೆದು, ಆ ಗೆರೆ ಕ್ಲಬ್ಬಿನ ಮುಖಕ್ಕೆ ಎದುರಾಗಿ ಲಂಬವಾಗಿ ನಿಲ್ಲುವಂತೆ ಇಟ್ಟು ಹೊಡೆದೆ. ಮುಖದ ಮೇಲೆ ಅಂಟಿಕೊಂಡ ಗೆರೆ ಲಂಬವಾಗಿರದೆ ವಾಲಿಕೊಂಡಿತ್ತು. ಬೇರೆ ಕ್ಲಬ್ ರಿಪೇರಿಯವರ ಹತ್ತಿರ ಒಯ್ದು ಎರಡು ಡಿಗ್ರಿ ನೆಟ್ಟಗೆ ಮಾಡಿಸಿದೆ. ಎರಕದ ಗಡಸು ಉಕ್ಕನ್ನು ಬಗ್ಗಿಸುವುದು ಬಡಿದು ಮಾಡಿದ ಮೆದು ಉಕ್ಕನ್ನು ಬಗ್ಗಿಸುವಷ್ಟು ಸುಲಭವಲ್ಲ, ಎರಡು ಡಿಗ್ರಿಗಿಂತ ಹೆಚ್ಚಿಗೆ ಕೇಳಬೇಡಿ ಎಂದು ಅವರು ಮೊದಲೇ ಹೇಳಿದ್ದರು. ಆ ಎರಡು ಡಿಗ್ರಿಗಳು ನನ್ನ ಆಟಕ್ಕೆ ಮಾಡಿದ ಉಪಕಾರ ಕ್ಯಾವಿಟಿ ಮಾಡಿದ ಉಪಕಾರಕ್ಕಿಂತ ಕಡಿಮೆಯದ್ದಲ್ಲ. ಶಾಫ್ಟ್ ವಿಷಯದಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಮೊಣಕೈ ನೋವಿದ್ದುದರಿಂದ ಗ್ರಾಫೈಟ್ ಆರಿಸಿಕೊಂಡೆ, ನೋವು ತಗ್ಗಿತು.

ಈ ಸೆಟ್ಟಿನ ಯೋಗ್ಯತೆ ನನಗೆ ಪೂರ್ತಿಯಾಗಿ ತಿಳಿದ ದಿನವೊಂದು ನೆನಪಿನಲ್ಲಿದೆ. ಮುಂದೆ ಕೊಳ, ಅದರಾಚೆಗೆ ಗ್ರೀನ್, ಧ್ವಜಕ್ಕೆ 135 ಗಜ, ನೀರನ್ನು ದಾಟಲು 120 ಗಜ ಬೇಕು. ಬ್ಲೇಡ್‌ಗಳ ಕಾಲದಲ್ಲಿ ಆ ಹೋಲಿನಲ್ಲಿ ಎಷ್ಟು ಚೆಂಡು ನೀರಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಅಂದು ಎಂಟನ್ನು ಹಿಡಿದು ಬೀಸಿದೆ, ತಗುಲಿದ ಕ್ಷಣದಲ್ಲೇ ಟೋ ಕಡೆಗೆ ತಪ್ಪಿತೆಂದು ಗೊತ್ತಾಯಿತು, ಕಣ್ಣು ಮುಚ್ಚಿಕೊಂಡೆ. ಸದ್ದೇ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಚೆಂಡು ದಡದಾಚೆ, ಗ್ರೀನಿನ ಅಂಚಿನ ಹುಲ್ಲಿನಲ್ಲಿ, ನೀರಿನಿಂದ ನಾಲ್ಕು ಹೆಜ್ಜೆಯಷ್ಟೇ ದೂರದಲ್ಲಿ ಕೂತಿತ್ತು. ಅಲ್ಲಿಂದ ಎರಡು ಪಟ್, ಪಾರ್ ಮೂರು. ನನ್ನ ಹಿರಿಯ ಜೊತೆಗಾರರು ಕ್ಲಬ್ಬನ್ನು ಕೈಗೆ ತೆಗೆದುಕೊಂಡು, ಮುಖದ ಮೇಲೆ ಟೋ ಹತ್ತಿರ ಅಂಟಿದ್ದ ಹಸಿ ಹುಲ್ಲಿನ ಗುರುತನ್ನು ಹೆಬ್ಬೆರಳಿನಿಂದ ಒರೆಸಿ, “ಇಲ್ಲಿ ತಗುಲಿದ್ದು ಅಲ್ಲಿಗೆ ಹೋಯಿತೇ?” ಎಂದು ಕೇಳಿ ಸುಮ್ಮನಾದರು.

ಮೂರು ವರ್ಷಗಳಲ್ಲಿ ಒಂದು ಸುತ್ತಿನ ನನ್ನ ಹೊಡೆತಗಳ ಸರಾಸರಿ 96ರಿಂದ 91ಕ್ಕೆ ಇಳಿದಿದೆ. ಅದರಲ್ಲಿ ಟೀ ಬದಲಿಸಿದ್ದರ ಪಾಲು, ಚಿಪಿಂಗ್ ಅಭ್ಯಾಸದ ಪಾಲು, 50 ಡಿಗ್ರಿ ವೆಜ್ಜಿನ ಪಾಲು ಎಲ್ಲವೂ ಇದೆ. ನನ್ನ ಅತ್ಯುತ್ತಮ ಸುತ್ತು ಹೆಚ್ಚೇನೂ ಬದಲಾಗಿಲ್ಲ, ಬ್ಲೇಡ್‌ಗಳಲ್ಲಿ 85, ಇದರಲ್ಲಿ 84. ಆದರೆ ನೂರು ದಾಟಿದ ಸುತ್ತುಗಳು ತಿಂಗಳಿಗೊಂದಾದರೂ ಇರುತ್ತಿದ್ದವು, ಕಳೆದ ವರ್ಷ ಎರಡೇ.

ಹೊಡೆತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಖದ ನಡುವೆ ತಗುಲಿಸುವವರಿಗೆ, ಸ್ಪರ್ಶದ ಸುಖಕ್ಕಾಗಿಯೇ ಆಡುವವರಿಗೆ ನಾನು ಈ ಸೆಟ್ಟನ್ನು ಶಿಫಾರಸು ಮಾಡುವುದಿಲ್ಲ. ಉಳಿದವರು ಕೊಳ್ಳುವ ಮೊದಲು ಒಂದು ಸ್ಪ್ರೇ ಡಬ್ಬಿ ಹಿಡಿದು ರೇಂಜಿಗೆ ಹೋಗಿ, ತಮ್ಮ ಈಗಿನ ಏಳರಲ್ಲಿ ಇಪ್ಪತ್ತು ಚೆಂಡು ಹೊಡೆದು ಗುರುತುಗಳನ್ನು ಎಣಿಸಲಿ. ನನ್ನ ಎಂಟರ ಮುಖ ಈಗ ಸವೆಯತೊಡಗಿದೆ. ಹಿರಿಯರ ಬ್ಲೇಡಿನ ಮುಖದಲ್ಲಿ ಸವೆತ ನಾಣ್ಯದಗಲದ ಒಂದೇ ಕಂದು ಚುಕ್ಕೆಯಾಗಿ ನಡುವೆ ಕೂತಿದ್ದರೆ, ನನ್ನದರಲ್ಲಿ ಅದು ಹೀಲಿನಿಂದ ಟೋವರೆಗೆ ಎರಡು ಬೆರಳಗಲದ ಮಬ್ಬು ಪಟ್ಟಿಯಾಗಿ ಹರಡಿಕೊಂಡಿದೆ. ಮೂರು ವರ್ಷದ ಹಿಂದೆ ಪಟ್ಟಿಯ ಟೋ ತುದಿ ಎಲ್ಲಿಯವರೆಗೆ ಬರುತ್ತಿತ್ತೆಂದು ಹಳೆಯ ಬ್ಲೇಡಿನ ಏಳನ್ನು ಮೂಲೆಯಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅರ್ಧ ಬೆರಳಿನಷ್ಟು ನಡುವಿನ ಕಡೆಗೆ ಸರಿದಿದೆ.